ಸಿಯಾಟಲ್‌ನ ಬೀದಿಯಲ್ಲಿ ಎದ್ದ ಪ್ರಶ್ನೆ

ಅಡಿಕೆ, ಕರಿಮೆಣಸು, ರಬ್ಬರ್ ಬೆಳೆದು ಬಾಳುವ ನಮ್ಮ ಮನೆಗಳಲ್ಲಿ ಬೆಳಗಾದರೆ ಧಾರಣೆಯ ಮಾತು. ಈ ಧಾರಣೆಯ ಏರಿಳಿತಕ್ಕೆ ಮಳೆ, ರೋಗ, ವ್ಯಾಪಾರಿಗಳ ಮರ್ಜಿ ಇವಷ್ಟೇ ಕಾರಣವಾಗಿದ್ದ ಕಾಲ ಕಳೆದಿದೆ. ಹೊರದೇಶದ ಸರಕಿನ ಮೇಲೆ ಎಷ್ಟರವರೆಗೆ ಸುಂಕ ಹಾಕಬಹುದೆಂಬ ಮೇರೆಯನ್ನು, 1995ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಗಳು ಗೊತ್ತುಪಡಿಸುತ್ತವೆ. ಭಾರತವು ಅದರ ಸ್ಥಾಪಕ ಸದಸ್ಯ. ಆದುದರಿಂದ ಆ ಸಂಸ್ಥೆಯನ್ನು ಬೀದಿಯಲ್ಲಿ ನಿಂತು ಪ್ರಶ್ನಿಸಿದವರ ಕಥೆ ನಮಗೆ ಸಂಬಂಧವಿಲ್ಲದ್ದಲ್ಲ.

1999ರ ನವೆಂಬರ್ 30ರಂದು ಅಮೆರಿಕದ ಸಿಯಾಟಲ್ ನಗರದಲ್ಲಿ ಸಂಸ್ಥೆಯ ಮೂರನೆಯ ಸಚಿವ ಸಮ್ಮೇಳನ ಆರಂಭವಾಗಬೇಕಿತ್ತು. ನಸುಕಿನಲ್ಲೇ ಸಾವಿರಾರು ಯುವಜನರು ಸಭಾಭವನದ ಸುತ್ತಣ ಚೌಕಗಳಲ್ಲಿ ತೋಳಿಗೆ ತೋಳು ಸೇರಿಸಿ ಕುಳಿತರು. ಪ್ರತಿನಿಧಿಗಳು ಒಳಹೋಗಲಾರದೆ ಉದ್ಘಾಟನೆಯೇ ರದ್ದಾಯಿತು. ಕಾರ್ಮಿಕ ಸಂಘಗಳ ಬೃಹತ್ ಮೆರವಣಿಗೆಯೂ ಸೇರಿ ಜನಸಂಖ್ಯೆ ನಲವತ್ತು ಸಾವಿರಕ್ಕೂ ಮಿಕ್ಕಿತು. ಪೋಲೀಸರು ಅಶ್ರುವಾಯು ಸಿಡಿಸಿದರು, ಕರ್ಫ್ಯೂ ಜಾರಿಯಾಯಿತು, ಸುಮಾರು 600 ಮಂದಿ ಬಂಧಿತರಾದರು. ಕೆಲವರು ಅಂಗಡಿಗಳ ಗಾಜು ಒಡೆದುದೂ ನಿಜ. ಆದರೆ ಬಹುಸಂಖ್ಯಾತರು ಶಾಂತಿಯುತವಾಗಿಯೇ ಇದ್ದರು.

ಆ ಮೆರವಣಿಗೆಯಲ್ಲಿ ಕಡಲಾಮೆಯ ವೇಷ ತೊಟ್ಟವರೂ ಇದ್ದರು. ಆಮೆಗಳು ಪಾರಾಗುವ ಸಾಧನ ಅಳವಡಿಸದ ಬಲೆಯಿಂದ ಹಿಡಿದ ಸಿಗಡಿಯನ್ನು ಅಮೆರಿಕ ನಿಷೇಧಿಸಿತ್ತು. ಇದರ ವಿರುದ್ಧ ಭಾರತ, ಮಲೇಶಿಯಾ, ಪಾಕಿಸ್ತಾನ, ಥಾಯ್ಲೆಂಡ್ ದೂರಿತ್ತವು. ನಿಷೇಧವನ್ನು ಜಾರಿಗೊಳಿಸಿದ ಬಗೆ ತಾರತಮ್ಯದ್ದೆಂದು 1998ರಲ್ಲಿ ತೀರ್ಪಾಯಿತು. ವ್ಯಾಪಾರವು ಪರಿಸರವನ್ನು ಮೆಟ್ಟಿತೆಂದು ವೇಷಧಾರಿಗಳ ಅಳಲು. ಸಿರಿವಂತ ರಾಷ್ಟ್ರವೊಂದು ತನ್ನ ಕಾನೂನನ್ನು ಪರರ ಮೇಲೆ ಹೇರುತ್ತಿದೆಯೆಂದು ನಮ್ಮಂಥ ದೇಶಗಳ ಅಳಲು. ಎರಡರಲ್ಲೂ ಸತ್ಯಾಂಶವಿದೆಯೆಂದೇ ನಾವು ಭಾವಿಸುತ್ತೇವೆ. ಆಮೆಯೂ ಉಳಿಯಬೇಕು, ಬಲೆ ಬೀಸುವವನ ಒಲೆಯೂ ಉರಿಯಬೇಕು. ಇವೆರಡನ್ನೂ ಹೊಂದಿಸುವ ಮಾತುಕತೆಯಲ್ಲಿ ಬೆಸ್ತನಿಗೆ ಸ್ಥಾನವಿರಲಿಲ್ಲ ಎಂಬುದೇ ಮುಖ್ಯ ಸಂಗತಿ.

ಸಭಾಭವನದೊಳಗೂ ಇದೇ ಅವಸ್ಥೆ. ಕೆಲವೇ ರಾಷ್ಟ್ರಗಳು ಮುಚ್ಚಿದ ಕೋಣೆಯಲ್ಲಿ ಮಾತನಾಡಿ, ಉಳಿದವರು ಒಪ್ಪಬೇಕೆಂಬ ಕ್ರಮವನ್ನು ಆಫ್ರಿಕದ ಪ್ರತಿನಿಧಿಗಳು ಬಹಿರಂಗವಾಗಿ ಖಂಡಿಸಿದರು. ಕೃಷಿ ಸಹಾಯಧನದ ಬಗ್ಗೆ ಅಮೆರಿಕ ಹಾಗೂ ಯುರೋಪಿಗೂ ಹೊಂದಿಕೆಯಾಗಲಿಲ್ಲ. ಡಿಸೆಂಬರ್ 3ರಂದು ಸಮ್ಮೇಳನ ಯಾವ ಘೋಷಣೆಯೂ ಇಲ್ಲದೆ ಮುರಿದುಬಿತ್ತು.

ಈ ಪ್ರತಿಭಟನೆಯ ಹಾದಿಯಲ್ಲಿ ಕನ್ನಡಿಗರ ಹೆಜ್ಜೆಗಳೂ ಇವೆ. ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು, ಸಿಯಾಟಲ್‌ಗೆ ಮೊದಲೇ, 1999ರ ಬೇಸಗೆಯಲ್ಲಿ ನೂರಾರು ಭಾರತೀಯ ರೈತರೊಡನೆ ಯುರೋಪನ್ನು ಸುತ್ತಿ, ಜರ್ಮನಿಯ ಕೊಲೋನ್‌ನಲ್ಲಿ ನಡೆದ ಜಿ-8 ಶೃಂಗಸಭೆಯ ವೇಳೆಗೆ ಅಲ್ಲಿ ದನಿಯೆತ್ತಿತ್ತು. ಆಸಿಯಾನ್ ರಾಷ್ಟ್ರಗಳೊಡನೆ ಭಾರತ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡಾಗ, 2009ರ ಅಕ್ಟೋಬರ್ 2ರಂದು ಎಡಪಕ್ಷದವರು ಮಾನವ ಸರಪಳಿ ಕಟ್ಟಿದುದು ನಮ್ಮ ಕಾಸರಗೋಡಿನಿಂದ ತಿರುವನಂತಪುರದವರೆಗೆ.

ಒಪ್ಪಂದ ಅದರಿಂದ ನಿಲ್ಲಲಿಲ್ಲ. ವಿಶ್ವ ವ್ಯಾಪಾರ ಸಂಸ್ಥೆಯೂ ಹೋಗಲಿಲ್ಲ. ಪಕ್ಷ ಯಾವುದೇ ಇರಲಿ, ಸಹಿ ಬಿದ್ದ ಮೇಲೆ ಸರಪಳಿ ಕಟ್ಟುವುದಕ್ಕಿಂತ ಸಹಿಗೆ ಮೊದಲೇ ಕರಡನ್ನು ತರಿಸಿ ಓದುವುದು ಮೇಲು. ನಮ್ಮ ಬೆಳೆಗಾರರ ಸಂಘಗಳೂ ಸಹಕಾರಿ ಸಂಸ್ಥೆಗಳೂ ಅದನ್ನು ಸರಕಾರದಿಂದ ಹಕ್ಕಿನಿಂದ ಕೇಳಬೇಕು.