ಪಂದ್ಯದ ಕುದುರೆಗೆ ಮದ್ದು: ಅಮೆರಿಕಾದಲ್ಲಿ ಸರಕಾರದ ಕಾವಲು

ನಮ್ಮ ಕಡೆ ಓಟಕ್ಕೆ ಸಾಕುವ ಪ್ರಾಣಿ ಕೋಣವೇ ಹೊರತು ಕುದುರೆಯಲ್ಲ. ಕುದುರೆ ಪಂದ್ಯವೆಂದರೆ ಬೆಂಗಳೂರಿಗೋ ಮೈಸೂರಿಗೋ ಊಟಿಗೋ ಹೋದವರು ನೋಡಿಬಂದು ಹೇಳುವ ಮಾತು. ಆದರೂ ಪಂದ್ಯದ ಕುದುರೆಗಳಿಗೆ ಕೊಡುವ ಔಷಧಿಯ ವಿಷಯದಲ್ಲಿ ಅಮೆರಿಕಾದಲ್ಲಿ ಬಹುಕಾಲದಿಂದ ನಡೆದ ಜಗಳವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು. ಅದರಲ್ಲಿ ಮೂಕಪ್ರಾಣಿಯ ಜೀವದ ಪ್ರಶ್ನೆಯಿದೆ. ರಾಜ್ಯಕ್ಕೊಂದು ನಿಯಮವಿದ್ದಾಗ ಗಡಿ ದಾಟುವವರ ಪಾಡೇನೆಂಬ ಪ್ರಶ್ನೆಯೂ ಇದೆ.

ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ 1875ರಿಂದ ನಡೆದುಬಂದಿರುವ ಕೆಂಟಕಿ ಡರ್ಬಿಯು ಅಲ್ಲಿಯ ಪಂದ್ಯಗಳಲ್ಲೆಲ್ಲ ಹೆಸರಾದುದು. 1968ರಲ್ಲಿ ಅಲ್ಲಿ ಮೊದಲು ಬಂದ ಕುದುರೆ ಡ್ಯಾನ್ಸರ್ಸ್ ಇಮೇಜ್. ಪಂದ್ಯದ ನಂತರ ಅದರ ಮೂತ್ರವನ್ನು ಪರೀಕ್ಷಿಸಿದಾಗ ಫೀನೈಲ್‌ಬ್ಯುಟಜೋನ್ ಎಂಬ ನೋವು ಶಮನದ ಔಷಧಿ ಕಂಡಿತು. ಗೆಲುವನ್ನು ಕಿತ್ತು, ಎರಡನೆಯದಾಗಿ ಬಂದ ಫಾರ್ವರ್ಡ್ ಪಾಸ್‌ಗೆ ಕೊಡಲಾಯಿತು. ವ್ಯಾಜ್ಯ ವರ್ಷಗಟ್ಟಲೆ ಕೋರ್ಟಿನಲ್ಲಿ ಉಳಿಯಿತು. ತಮಾಷೆಯೆಂದರೆ, ಯಾವ ಔಷಧಿಗಾಗಿ ಆ ಕುದುರೆ ಗೆಲುವು ಕಳೆದುಕೊಂಡಿತೋ ಅದೇ ಔಷಧಿಗೆ ಕೆಲವೇ ವರ್ಷಗಳಲ್ಲಿ ಕೆಂಟಕಿ ರಾಜ್ಯವೇ ಅನುಮತಿ ನೀಡಿತು.

ನೋವಿಗೆ ಮದ್ದು ಕೊಡುವುದರಲ್ಲಿ ತಪ್ಪೇನೆಂದು ಕೆಲವರು ಕೇಳಬಹುದು. ಪಂದ್ಯದ ಕುದುರೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕ್ವಿಂಟಾಲ್. ಓಟದ ವೇಗ ಗಂಟೆಗೆ ಅರುವತ್ತು ಕಿಲೋಮೀಟರು. ಅಷ್ಟು ಭಾರವನ್ನು ಹೊತ್ತು ನೆಲಕ್ಕೆ ಅಪ್ಪಳಿಸುವ ಕಾಲುಗಳೋ, ಮೊಣಕಾಲಿನಿಂದ ಕೆಳಗೆ ಮಾಂಸವಿಲ್ಲದ, ಬರೇ ಎಲುಬು ಮತ್ತು ಸ್ನಾಯುರಜ್ಜುಗಳ ಕಡ್ಡಿಗಳು. ದಿನದಿನದ ಓಟದಿಂದ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕುಗಳು ಹುಟ್ಟುತ್ತವೆ. ವಿಶ್ರಾಂತಿ ಸಿಕ್ಕರೆ ಅವು ಕೂಡಿಕೊಳ್ಳುತ್ತವೆ. ವಿಶ್ರಾಂತಿ ಬೇಕೆಂದು ಹೇಳಲು ಕುದುರೆಗಿರುವುದು ಒಂದೇ ಭಾಷೆ, ಕುಂಟುವುದು. ನೋವಿನ ಮದ್ದು ಕೊಟ್ಟರೆ ಅಥವಾ ಕೀಲಿಗೆ ಸ್ಟಿರಾಯ್ಡಿನ ಸೂಜಿ ಚುಚ್ಚಿದರೆ ಆ ಭಾಷೆ ನಿಂತುಹೋಗುತ್ತದೆ, ಬಿರುಕು ನಿಲ್ಲುವುದಿಲ್ಲ. ಪಶುವೈದ್ಯರು ನೋಡಿ ‘ಸರಿಯಿದೆ’ ಎನ್ನುತ್ತಾರೆ, ಕುದುರೆ ಓಡುತ್ತದೆ, ತಿರುವಿನಲ್ಲಿ ಎಲುಬು ಮುರಿಯುತ್ತದೆ. ಮುರಿದ ಕಾಲಿನ ಕುದುರೆ ಬದುಕುವುದು ಅಪರೂಪ. ಹೆಚ್ಚಿನವಕ್ಕೆ ಅಲ್ಲೇ ಮದ್ದು ಚುಚ್ಚಿ ಕೊನೆಗಾಣಿಸುತ್ತಾರೆ. ಬೆನ್ನ ಮೇಲಿದ್ದ ಜಾಕಿಯ ಗತಿ ದೇವರಿಗೆ ಬಿಟ್ಟದ್ದು.

ಇನ್ನೊಂದು ಮದ್ದು ಫ್ಯೂರೋಸೆಮೈಡ್, ಅಂದರೆ ಲ್ಯಾಸಿಕ್ಸ್. ನಮ್ಮಲ್ಲಿ ಕಾಲು ಬಾತವರಿಗೂ ಹೃದ್ರೋಗಿಗಳಿಗೂ ವೈದ್ಯರು ಕೊಡುವ, ಮೂತ್ರ ಹೋಗಿಸುವ ಮಾತ್ರೆಯೂ ಇದೇ. ಬಿರುಸಿನ ಓಟದಲ್ಲಿ ಕುದುರೆಯ ಶ್ವಾಸಕೋಶದೊಳಗೆ ರಕ್ತ ಒಸರುವುದುಂಟು; ಅದನ್ನು ತಡೆಯಲು ಇದು ಬೇಕೆಂದು ಅಲ್ಲಿನವರ ವಾದ. ಮೈಯ ನೀರು ಇಳಿದು ಕುದುರೆ ಹಗುರಾಗುತ್ತದೆ ಎಂಬುದನ್ನು ಅವರು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ! ಬ್ರಿಟನ್ನಿನಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ಪಂದ್ಯದ ದಿನ ಇದನ್ನು ಕೊಡುವಂತಿಲ್ಲ. ಅಮೆರಿಕಾದಲ್ಲಿ ಮಾತ್ರ ಬಹುಕಾಲ ಹೆಚ್ಚಿನ ಕುದುರೆಗಳು ಇದರ ಮೇಲೆಯೇ ಓಡಿದವು.

ಆ ದೇಶದಲ್ಲಿ ಕುದುರೆ ಪಂದ್ಯ ರಾಜ್ಯಗಳಿಗೆ ಸೇರಿದ ವಿಷಯವಾಗಿತ್ತು. ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಪಂದ್ಯ. ಪ್ರತಿಯೊಂದಕ್ಕೂ ಅದರದೇ ಆಯೋಗ, ಔಷಧಿ ಪಟ್ಟಿ, ದಂಡ. ಗಡಿನಾಡಿನ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತಲಪಾಡಿ ದಾಟಿದರೆ ಪೆಟ್ರೋಲಿನ ದರ ಬೇರೆ, ಮಕ್ಕಳ ಪಠ್ಯ ಬೇರೆ, ಕಚೇರಿಯ ಅರ್ಜಿಯ ನಮೂನೆ ಬೇರೆ. ಅಲ್ಲಿಯ ಕುದುರೆಗೂ ಹಾಗೆಯೇ. ಇಂದು ಒಂದು ರಾಜ್ಯದಲ್ಲಿ ಓಡಿದ ಕುದುರೆ ಮುಂದಿನ ವಾರ ಲಾರಿಯೇರಿ ಇನ್ನೊಂದು ರಾಜ್ಯಕ್ಕೆ ಹೋದರೆ, ಇಲ್ಲಿ ಸಲ್ಲುವ ಮದ್ದು ಅಲ್ಲಿ ಅಪರಾಧ. ಪಂದ್ಯದ ಆದಾಯ ಬೇಕಾದ ರಾಜ್ಯಗಳು ಕುದುರೆ ಮಾಲಿಕರನ್ನು ಎದುರು ಹಾಕಿಕೊಳ್ಳಲು ಹಿಂಜರಿದದ್ದೂ ಸುಳ್ಳಲ್ಲ.

2008ರ ಡರ್ಬಿಯಲ್ಲಿ ಎರಡನೆಯದಾಗಿ ಬಂದ ಏಯ್ಟ್ ಬೆಲ್ಸ್ ಎಂಬ ಹೆಣ್ಣು ಕುದುರೆ ಗೆರೆ ದಾಟಿದ ಮೇಲೆ ಮುಂದಿನ ಎರಡೂ ಕಾಲು ಮುರಿದುಕೊಂಡು ಬಿತ್ತು; ಅಲ್ಲೇ ಅದನ್ನು ಕೊನೆಗಾಣಿಸಬೇಕಾಯಿತು. ಅದರ ಮೈಯಲ್ಲಿ ಸ್ಟಿರಾಯ್ಡ್ ಇರಲಿಲ್ಲವೆಂದು ಪರೀಕ್ಷೆ ತಿಳಿಸಿತು. ಆದರೆ ಗೆದ್ದ ಬಿಗ್ ಬ್ರೌನ್‌ಗೆ ಸ್ಟಾನೋಜೊಲಾಲ್ ಎಂಬ ಸ್ಟಿರಾಯ್ಡ್ ಕೊಡುತ್ತಿದ್ದುದನ್ನು ಅದರ ತರಬೇತುದಾರನೇ ಒಪ್ಪಿದ. ಆಗ ಅದು ಅಪರಾಧವೂ ಆಗಿರಲಿಲ್ಲ! ಆ ವರ್ಷ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿತು. ಮಾತಾಯಿತು, ಕಾಯಿದೆ ಆಗಲಿಲ್ಲ. ಮುಂದೆ ಕ್ಯಾಲಿಫೋರ್ನಿಯಾದ ಸಾಂಟಾ ಅನೀಟಾ ಮೈದಾನದಲ್ಲಿ 2018ರ ಡಿಸೆಂಬರ್ ಕೊನೆಯಿಂದ 2019ರ ಜೂನ್‌ವರೆಗೆ 30 ಕುದುರೆಗಳು ಸತ್ತವು. ತನಿಖೆಯಲ್ಲಿ ನಿಷಿದ್ಧ ಮದ್ದು ಸಿಗಲಿಲ್ಲ. ಸಿಕ್ಕಿದ್ದು ಬೇರೆ: ಎಲುಬು ಮುರಿದು ಸತ್ತವುಗಳಲ್ಲಿ ಬಹುತೇಕ ಎಲ್ಲಕ್ಕೂ ಮುರಿದ ಜಾಗದಲ್ಲೇ ಮೊದಲಿನಿಂದ ಹಾನಿಯಿತ್ತು. ನಿಷಿದ್ಧವಲ್ಲದ ಮದ್ದಿನ ಕಡೆಗೂ ಜನ ನೋಡಲಾರಂಭಿಸಿದ್ದು ಆಗ.

ಮರುವರ್ಷದ ಮಾರ್ಚಿನಲ್ಲಿ ನ್ಯೂಯಾರ್ಕಿನ ಕೇಂದ್ರ ಸರಕಾರಿ ವಕೀಲರು ತರಬೇತುದಾರರು, ಪಶುವೈದ್ಯರು, ಮದ್ದು ಮಾರುವವರು ಸೇರಿ 27 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ಪರೀಕ್ಷೆಯಲ್ಲಿ ಸಿಕ್ಕಿಬೀಳದಂತೆ ತಯಾರಿಸಿದ ಮದ್ದುಗಳನ್ನು ಕೊಟ್ಟರೆಂಬುದು ಆರೋಪ. ಪ್ರಸಿದ್ಧ ತರಬೇತುದಾರರಾದ ಜಾರ್ಜ್ ನವಾರೋಗೆ 5 ವರ್ಷ, ಜೇಸನ್ ಸರ್ವಿಸ್‌ಗೆ 4 ವರ್ಷ ಸಜೆಯಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇವರನ್ನು ಹಿಡಿದುಕೊಟ್ಟದ್ದು ಮೂತ್ರದ ಸೀಸೆಯಲ್ಲ, ಪೊಲೀಸರು ಕದ್ದು ಕೇಳಿದ ಟೆಲಿಫೋನು. ಮೈದಾನದ ಪರೀಕ್ಷೆಯನ್ನು ದಾಟಿ ಬಂದವರು ಅವರು. ರಾಜ್ಯದ ಆಯೋಗಗಳಿಂದ ಆಗದ ಕೆಲಸವಿದು ಎಂದು ಎಲ್ಲರಿಗೂ ತಿಳಿದುಹೋಯಿತು.

ಅದೇ ವರ್ಷ ಡಿಸೆಂಬರ್ 27ರಂದು, ಕೊರೋನಾ ಪರಿಹಾರದ ದೊಡ್ಡ ಮಸೂದೆಯ ಮೂಲೆಯಲ್ಲಿ ಸೇರಿ, ಕುದುರೆ ಪಂದ್ಯದ ಪ್ರಾಮಾಣಿಕತೆ ಮತ್ತು ಸುರಕ್ಷತೆಯ ಕಾಯಿದೆ ಜಾರಿಯಾಯಿತು. ಥರೋಬ್ರೆಡ್ ತಳಿಯ ಪಂದ್ಯಗಳಿಗೆಲ್ಲ ಒಂದೇ ನಿಯಮ ಬರಬೇಕೆಂಬುದು ಉದ್ದೇಶ. ಸರಕಾರ ತಾನೇ ಇಲಾಖೆ ತೆರೆಯಲಿಲ್ಲ. ನಿಯಮ ಬರೆಯಲು ಒಂದು ಖಾಸಗಿ ಪ್ರಾಧಿಕಾರ. ಅದನ್ನು ಒಪ್ಪಲು ಅಥವಾ ತಳ್ಳಲು ಫೆಡರಲ್ ಟ್ರೇಡ್ ಕಮಿಷನ್. ಗ್ರಾಹಕರಿಗೆ ಮೋಸವಾಗದಂತೆ ವ್ಯಾಪಾರವನ್ನು ನೋಡಿಕೊಳ್ಳುವ ಕಚೇರಿಗೆ ಕುದುರೆಯ ಕೆಲಸವೇ ಎಂದು ನಗುವವರು ನಗಬಹುದು; ಪಣ ಕಟ್ಟುವವನೂ ಗ್ರಾಹಕನೇ ತಾನೆ! ಮೈದಾನದ ಸುರಕ್ಷತೆಯ ನಿಯಮಗಳು 2022ರ ಜುಲೈ 1ರಿಂದ, ಮದ್ದಿನ ನಿಯಮಗಳು ಕೋರ್ಟಿನ ತಡೆಗಳನ್ನು ದಾಟಿ 2023ರ ಮೇ 22ರಿಂದ ಜಾರಿಗೆ ಬಂದವು.

ಕಾಯಿದೆಗೂ ಜಾರಿಗೂ ನಡುವೆ 2021ರ ಡರ್ಬಿ ಬಂತು. ಮೊದಲು ಬಂದ ಮೆಡೀನಾ ಸ್ಪಿರಿಟ್‌ನ ಒಂದು ಮಿಲಿಲೀಟರು ರಕ್ತದಲ್ಲಿ 21 ಪಿಕೋಗ್ರಾಂ ಬೀಟಾಮೆಥಸೋನ್ ಇತ್ತು. ಒಂದು ಗ್ರಾಮನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲೇ ಪಿಕೋಗ್ರಾಂ. ಲೆಕ್ಕದ ತರಗತಿಯಲ್ಲಿ ಸೊನ್ನೆಗಳನ್ನು ಬರೆಯುವುದಕ್ಕೇ ಹಲಗೆ ಸಾಲದು. ಚರ್ಮದ ಹುಣ್ಣಿಗೆ ಹಚ್ಚಿದ ಮುಲಾಮಿನಿಂದ ಬಂತೆಂದು ತರಬೇತುದಾರ ಬಾಬ್ ಬ್ಯಾಫರ್ಟ್ ಕಡೆಯವರ ವಾದ. ಪಂದ್ಯದ ದಿನ ಅದು ಎಷ್ಟೇ ಕಂಡರೂ ತಪ್ಪೆಂಬುದು ಕೆಂಟಕಿಯ ನಿಯಮ. 2022ರ ಫೆಬ್ರವರಿಯಲ್ಲಿ ಗೆಲುವು ರದ್ದಾಯಿತು. ಅಷ್ಟರಲ್ಲಿ ಆ ಕುದುರೆಯೇ ಇರಲಿಲ್ಲ. 2021ರ ಡಿಸೆಂಬರಿನಲ್ಲಿ ಅಭ್ಯಾಸದ ಓಟ ಮುಗಿಸಿ ಸತ್ತಿತ್ತು. ಮರಣೋತ್ತರ ಪರೀಕ್ಷೆಯಲ್ಲೂ ಖಚಿತ ಕಾರಣ ತಿಳಿಯಲಿಲ್ಲ.

ನಮ್ಮ ದೇಶದಲ್ಲಿ ಪಂದ್ಯದ ನಿಯಮ ಬರೆಯುವುದೂ ಮದ್ದು ಪತ್ತೆಯಾದರೆ ಶಿಕ್ಷೆ ವಿಧಿಸುವುದೂ ಟರ್ಫ್ ಕ್ಲಬ್ಬುಗಳೇ. ರಾಜ್ಯ ಸರಕಾರ ಪರವಾನಗಿ ಕೊಡುತ್ತದೆ; ಕರ್ನಾಟಕದಲ್ಲಿ ಅದಕ್ಕೆ 1952ರ ಕಾಯಿದೆಯಿದೆ. 2017ರಲ್ಲಿ ಬೆಂಗಳೂರಿನಲ್ಲಿ ಗೆದ್ದ ಕ್ವೀನ್ ಲತೀಫಾ ಎಂಬ ಕುದುರೆಯ ಮೂತ್ರದಲ್ಲಿ ಪ್ರೊಕೇನ್ ಕಂಡು, ವಿಷಯ ಪೊಲೀಸರವರೆಗೆ ಹೋಗಿತ್ತು. ಪಣದ ಹಣದ ಮೇಲಿನ ತೆರಿಗೆಯನ್ನು ಲೆಕ್ಕ ಹಾಕುವಲ್ಲಿ ನಮ್ಮ ಸರಕಾರಗಳಿಗಿರುವ ಚುರುಕು ಕುದುರೆಯ ಕಾಲನ್ನು ನೋಡುವಲ್ಲಿಯೂ ಇದ್ದರೆ ಚೆನ್ನಾಗಿತ್ತೆಂದು ನಮ್ಮ ಅಭಿಪ್ರಾಯ.

ಅಮೆರಿಕಾದಲ್ಲಿ ವ್ಯಾಜ್ಯವೇನೂ ಸುಲಭವಾಗಿ ತಣ್ಣಗಾಗಲಿಲ್ಲ. ಖಾಸಗಿ ಸಂಸ್ಥೆಗೆ ಸರಕಾರದ ಅಧಿಕಾರ ಕೊಟ್ಟದ್ದು ಸಂವಿಧಾನಕ್ಕೆ ವಿರುದ್ಧವೆಂದು ಟೆಕ್ಸಾಸ್ ಕಡೆಯ ಮೇಲ್ಮನವಿ ಕೋರ್ಟು 2022ರ ನವೆಂಬರಿನಲ್ಲಿ ತೀರ್ಪಿತ್ತಿತು. ಮುಂದಿನ ತಿಂಗಳೇ ಸಂಸತ್ತು ಕಮಿಷನ್ನಿಗೆ ನಿಯಮ ತಿದ್ದುವ ಅಧಿಕಾರ ಕೊಟ್ಟು ಕಾಯಿದೆಯನ್ನು ಸರಿಪಡಿಸಿತು. ಬೇರೆ ಎರಡು ಮೇಲ್ಮನವಿ ಕೋರ್ಟುಗಳು ಅದನ್ನು ಎತ್ತಿಹಿಡಿದವು. ಮೊದಲಿನ ಕೋರ್ಟು 2024ರಲ್ಲಿ ಮತ್ತೆ ತಕರಾರು ತೆಗೆಯಿತು. 2025ರ ಜೂನ್ ಕೊನೆಯಲ್ಲಿ ಸುಪ್ರೀಂ ಕೋರ್ಟು ಈ ತೀರ್ಪುಗಳನ್ನೆಲ್ಲ ಬದಿಗಿಟ್ಟು, ಪುನಃ ಪರಿಶೀಲಿಸಿರೆಂದು ಕೆಳಗಿನ ಕೋರ್ಟುಗಳಿಗೆ ಕಳುಹಿಸಿತು.

ಕಾಯಿದೆ ಬಂದೊಡನೆ ಸಾವು ನಿಂತಿತೆಂದೂ ಅಲ್ಲ. 2023ರ ಡರ್ಬಿಯ ಹಿಂದುಮುಂದಿನ ವಾರಗಳಲ್ಲಿ ಅದೇ ಮೈದಾನದಲ್ಲಿ 12 ಕುದುರೆಗಳು ಸತ್ತು, ಪಂದ್ಯಗಳನ್ನು ಬೇರೆ ಊರಿಗೆ ಒಯ್ಯಬೇಕಾಯಿತು. ಲೆಕ್ಕದ ಪುಸ್ತಕ ಹೇಳುವುದು ಹೀಗೆ: ಓಟಕ್ಕಿಳಿದ ಪ್ರತಿ ಸಾವಿರ ಸಲಕ್ಕೆ 2009ರಲ್ಲಿ ದೇಶದಲ್ಲಿ ಸತ್ತ ಕುದುರೆಗಳು 2, ಪ್ರಾಧಿಕಾರದ ಕೆಳಗಿನ ಮೈದಾನಗಳಲ್ಲಿ 2023ರಲ್ಲಿ 1.23, 2024ರಲ್ಲಿ 0.90. ಅದರ ಕೆಳಗೆ ಬರದ ಮೈದಾನಗಳಲ್ಲಿ 2024ರ ಸಂಖ್ಯೆ 1.76.