ಹಳೆಯ ಗ್ರಾಮಫೋನ್ ಮತ್ತು ಧ್ವನಿಯಂತ್ರಗಳ ಶೋಧ ಹಾಗೂ ಕಾಲನಿರ್ಣಯ

ಹಳೆಯ ಧ್ವನಿಯಂತ್ರಗಳ ಕಾಲನಿರ್ಣಯವೆಂದರೆ ಕೀಲಿ ಕೊಟ್ಟು ನುಡಿಸುವ ಗ್ರಾಮಫೋನ್, ವಿದ್ಯುತ್ ರೆಕಾರ್ಡ್ ಪ್ಲೇಯರ್, ವಾಲ್ವ್ ರೇಡಿಯೊ ಮುಂತಾದವು ಯಾವ ಕಾಲದಲ್ಲಿ ತಯಾರಾದವು ಎಂಬುದನ್ನು ಅವುಗಳ ಮೈಮೇಲಿನ ಗುರುತುಗಳಿಂದಲೂ ಜೊತೆಗೆ ಉಳಿದುಬಂದ ಕಾಗದಪತ್ರಗಳಿಂದಲೂ ತಿಳಿಯುವ ಕ್ರಮ. ಈ ಲೇಖನವು ಮುಖ್ಯವಾಗಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳನ್ನು, ಅಂದರೆ ಸಾಲಗುಂದದಂತಹ ಗ್ರಾಮಗಳ ಪರಿಸರವನ್ನು ಗಮನದಲ್ಲಿರಿಸಿಕೊಂಡಿದೆ. ಈ ಪ್ರದೇಶವು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆದ್ದರಿಂದ ಇಲ್ಲಿ ದೊರೆಯುವ ಯಂತ್ರಗಳ ಕಾಗದಪತ್ರಗಳಲ್ಲಿ ಹಳೆಯ ಮೈಸೂರು ಭಾಗದಲ್ಲಿ ಕಾಣದ ಕೆಲವು ಸುಳಿವುಗಳಿರುತ್ತವೆ.

ಹಿನ್ನೆಲೆ

ಥಾಮಸ್ ಆಲ್ವಾ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಯಂತ್ರವನ್ನು ರೂಪಿಸಿದನು. ಚಪ್ಪಟೆ ತಟ್ಟೆಯನ್ನು ಬಳಸುವ ಗ್ರಾಮಫೋನಿಗೆ ಎಮಿಲ್ ಬರ್ಲಿನರ್ 1887ರಲ್ಲಿ ಹಕ್ಕುಪತ್ರ ಪಡೆದನು. ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣವು 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಫ್ರೆಡ್ ಗೈಸ್‌ಬರ್ಗ್ ಆಗ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡನು. ಈ ಗಾಯಕಿ ಕೊನೆಯ ದಿನಗಳಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ನಿಧನರಾದರು. ಆರಂಭದ ತಟ್ಟೆಗಳನ್ನು ಜರ್ಮನಿಯ ಹ್ಯಾನೋವರ್ ನಗರದಲ್ಲಿ ಅಚ್ಚು ಹಾಕಿಸಲಾಗುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆಯಿತು. 1928ರಲ್ಲಿ ಅದು ಡಂಡಂಗೆ ಸ್ಥಳಾಂತರಗೊಂಡಿತು.

ಕನ್ನಡನಾಡಿನ ಕಲಾವಿದರಲ್ಲಿ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಮೊದಲಾದವರು 1930ರ ದಶಕದಲ್ಲಿಯೇ ಎಚ್.ಎಂ.ವಿ. ಸಂಸ್ಥೆಗೆ ಹಾಡಿದ್ದರು. ಗಂಗೂಬಾಯಿಯವರ ಆರಂಭದ ತಟ್ಟೆಗಳ ಮೇಲೆ 'ಗಾಂಧಾರಿ' ಎಂಬ ಹೆಸರಿದೆ. ಆ ಹೆಸರೇ ತಟ್ಟೆಯ ವಯಸ್ಸನ್ನು ಸೂಚಿಸುತ್ತದೆ.

ಕಾಲನಿರ್ಣಯದ ತತ್ತ್ವ

ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನದಲ್ಲಿ 'ಅಶೋಕ' ಎಂಬ ಹೆಸರು ಸ್ಪಷ್ಟವಾಗಿದ್ದುದರಿಂದ, 'ದೇವಾನಾಂಪ್ರಿಯ' ಎಂದಷ್ಟೇ ಹೇಳುವ ಇತರ ಶಾಸನಗಳು ಯಾರವು ಎಂಬ ಪ್ರಶ್ನೆ ಬಗೆಹರಿಯಿತು. ಧ್ವನಿಯಂತ್ರಗಳ ವಿಷಯದಲ್ಲಿಯೂ ಇದೇ ಮಾರ್ಗ ಅನುಸರಣೀಯ. ಹೊರರೂಪದಿಂದ ಅಂದಾಜು ಮಾತ್ರ ಸಾಧ್ಯ. ನಿರ್ಣಯಕ್ಕೆ ಅಕ್ಷರ, ಅಂಕಿ ಅಥವಾ ದಾಖಲೆ ಬೇಕು. ಒಂದು ಯಂತ್ರದಲ್ಲಿರುವ ಅತ್ಯಂತ ಈಚಿನ ಮೂಲಭಾಗ ಯಾವ ಕಾಲದ್ದೋ ಯಂತ್ರವು ಅದಕ್ಕಿಂತ ಹಿಂದಿನದಾಗಿರಲಾರದು. ಆದರೆ ದುರಸ್ತಿಯ ವೇಳೆ ಬದಲಾಯಿಸಿದ ಭಾಗಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಬೆಸುಗೆಯ ಹೊಳಪು, ತಂತಿಯ ಬಣ್ಣ ಹಾಗೂ ತಿರುಪುಗಳ ತಲೆಯಲ್ಲಿನ ಗೀರುಗಳು ದುರಸ್ತಿಯನ್ನು ತೋರಿಸಿಕೊಡುತ್ತವೆ.

ಯಂತ್ರದ ಮೇಲಿನ ಗುರುತುಗಳು

ಕೀಲಿಯ ಗ್ರಾಮಫೋನುಗಳಲ್ಲಿ ಹೊರಗೆ ಚಾಚಿದ ಕಹಳೆಯುಳ್ಳವು ಸಾಮಾನ್ಯವಾಗಿ ಹಳೆಯವು. ಅನಂತರ ಕಹಳೆಯನ್ನು ಪೆಟ್ಟಿಗೆಯೊಳಗೇ ಅಡಗಿಸಿದ, ಕೈಯಲ್ಲಿ ಒಯ್ಯಬಹುದಾದ ಮಾದರಿಗಳು ಬಂದವು. ಎಚ್.ಎಂ.ವಿ. 101 ಮಾದರಿಯು 1925ರಿಂದ 1931ರವರೆಗೆ ತಯಾರಾಯಿತು. ಅದರ ಸೌಂಡ್ ಬಾಕ್ಸಿನಲ್ಲಿ ಅಭ್ರಕದ ಪೊರೆ ಇರುತ್ತದೆ. 1931ರಲ್ಲಿ ಬಂದ 102 ಮಾದರಿಯಲ್ಲಿ ಅಲ್ಯುಮಿನಿಯಂ ಪೊರೆಯಿದೆ. ಈ ಮಾದರಿ 1950ರ ದಶಕದವರೆಗೂ ತಯಾರಾಗುತ್ತಿದ್ದುದರಿಂದ ಮಾದರಿಯ ಸಂಖ್ಯೆಯೊಂದರಿಂದಲೇ ವರ್ಷವನ್ನು ಹೇಳಲಾಗದು.

ವಿದ್ಯುತ್ ರೆಕಾರ್ಡ್ ಪ್ಲೇಯರ್‌ಗಳಲ್ಲಿ ತಿರುಗುವ ವೇಗಗಳೇ ಉತ್ತಮ ಸುಳಿವು. ನಿಮಿಷಕ್ಕೆ 33⅓ ಸುತ್ತಿನ ದೀರ್ಘವಾದನ ತಟ್ಟೆ 1948ರಲ್ಲಿ, 45 ಸುತ್ತಿನದು 1949ರಲ್ಲಿ ಬಂದವು. ಆದ್ದರಿಂದ ಈ ವೇಗಗಳುಳ್ಳ ಯಂತ್ರವು ಅದಕ್ಕಿಂತ ಹಳೆಯದಲ್ಲ. 16, 33, 45 ಮತ್ತು 78 ಎಂಬ ನಾಲ್ಕು ವೇಗಗಳಿದ್ದರೆ ಅದು 1950ರ ದಶಕದ ಮಧ್ಯಭಾಗದಿಂದ ಈಚಿನದು. ಎರಡು ವಾಹಿನಿಯ ಸ್ಟೀರಿಯೊ ತಟ್ಟೆಗಳು 1958ರ ವೇಳೆಗೆ ಮಾರುಕಟ್ಟೆಗೆ ಬಂದವು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಉಳಿದಿರುವ ಎಚ್.ಎಂ.ವಿ. ಫಿಯೆಸ್ಟಾ ಮತ್ತು ಕ್ಯಾಲಿಪ್ಸೊ ಮಾದರಿಗಳು ಈ ನಂತರದ ಪೀಳಿಗೆಗೆ ಸೇರಿದವು.

ಮರ್ಫಿ, ಬುಷ್, ಫಿಲಿಪ್ಸ್ ಮುಂತಾದ ರೇಡಿಯೊಗಳಲ್ಲಿ ಮುಂಭಾಗದ ಗಾಜಿನ ಪಟ್ಟಿಯನ್ನು ಓದಬೇಕು. ಆವರ್ತನವನ್ನು 'ಕಿಲೋಸೈಕಲ್' ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಹಳೆಯದು, 'ಕಿಲೋಹರ್ಟ್ಸ್' ಎಂದಿದ್ದರೆ ಈಚಿನದು. 'ಸಿಲೋನ್' ಎಂಬ ಹೆಸರು ಇದ್ದರೆ ಆ ಪಟ್ಟಿಯ ವಿನ್ಯಾಸವು 1972ಕ್ಕಿಂತ ಹಿಂದಿನದಾಗಿರುವ ಸಂಭವ ಹೆಚ್ಚು. ಆ ವರ್ಷ ದೇಶದ ಹೆಸರು ಶ್ರೀಲಂಕಾ ಎಂದಾಯಿತು. 'ವಿವಿಧ ಭಾರತಿ' ಎಂದಿದ್ದರೆ 1957ರ ಅಕ್ಟೋಬರಿಗಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ.

ತಟ್ಟೆಗಳ ಕಾಲನಿರ್ಣಯ

ಒಂದೇ ಬದಿಯಲ್ಲಿ ಧ್ವನಿಯುಳ್ಳ ತಟ್ಟೆಗಳು ಸುಮಾರು 1908ಕ್ಕಿಂತ ಹಿಂದಿನವು. 'ಹ್ಯಾನೋವರ್' ಎಂಬ ಮುದ್ರೆಯೂ ಆ ಕಾಲವನ್ನೇ ಸೂಚಿಸುತ್ತದೆ. 'ಡಂಡಂ' ಎಂದಿದ್ದರೆ ತಟ್ಟೆಯು 1928ರ ಅನಂತರದ್ದು. ಮೈಕ್ರೊಫೋನ್ ಬಳಸಿದ ವಿದ್ಯುತ್ ಧ್ವನಿಮುದ್ರಣವು 1925ರಿಂದ ಬಳಕೆಗೆ ಬಂದಿತು. ಅದಕ್ಕೂ ಹಿಂದಿನ ತಟ್ಟೆಗಳಲ್ಲಿ ತಗ್ಗಿದ ಸ್ವರಗಳು ಬಹಳ ಕ್ಷೀಣವಾಗಿರುತ್ತವೆ. ಚಲನಚಿತ್ರಗೀತೆಯ ತಟ್ಟೆಯಾದರೆ ಚಿತ್ರದ ವರ್ಷವೇ ಆಧಾರ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದು. ಭೀಮಸೇನ ಜೋಶಿಯವರು ಹಾಡಿದ 'ಸಂಧ್ಯಾರಾಗ' 1966ರದು.

78 ಸುತ್ತಿನ ಅರಗಿನ ತಟ್ಟೆಯೆಂದ ಮಾತ್ರಕ್ಕೆ ಅದು ಸ್ವಾತಂತ್ರ್ಯಪೂರ್ವದ್ದೆಂದು ಭಾವಿಸುವುದು ಸರಿಯಲ್ಲ. ಪಶ್ಚಿಮ ದೇಶಗಳಲ್ಲಿ ಇವುಗಳ ತಯಾರಿಕೆ ನಿಲ್ಲುತ್ತ ಬಂದ ಮೇಲೂ ಭಾರತದಲ್ಲಿ 1960ರ ದಶಕದಲ್ಲಿ ಮುಂದುವರಿದಿತ್ತು. ವಿದ್ಯುತ್ತಿಲ್ಲದ ಹಳ್ಳಿಗಳಲ್ಲಿ ಕೀಲಿಯ ಗ್ರಾಮಫೋನುಗಳು ಬಳಕೆಯಲ್ಲಿದ್ದುದು ಇದಕ್ಕೊಂದು ಕಾರಣ.

ಸ್ಥಳೀಯ ದಾಖಲೆಗಳು

ಯಂತ್ರದ ಜೊತೆಗಿರುವ ರಸೀದಿ, ಅಂಗಡಿಯ ಲೋಹದ ಬಿಲ್ಲೆ ಹಾಗೂ ಪರವಾನಗಿ ಪುಸ್ತಕಗಳು ಯಂತ್ರಕ್ಕಿಂತ ಹೆಚ್ಚು ನಂಬಲರ್ಹ. ಇವುಗಳನ್ನು ಓದುವಾಗ ಈ ಕೆಳಗಿನ ಅಂಶಗಳು ನೆರವಾಗುತ್ತವೆ.

• ನಿಜಾಮರ ರಾಜ್ಯದ ಕಾಗದಗಳಲ್ಲಿ ಫಸಲಿ ವರ್ಷವಿದ್ದರೆ ಅದಕ್ಕೆ 590 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ. ಫಸಲಿ 1350 ಎಂದರೆ 1940–41.
• ಬೆಲೆಯನ್ನು 'ಹಾಲಿ ಸಿಕ್ಕಾ' ರೂಪಾಯಿಗಳಲ್ಲಿ ಬರೆದಿದ್ದರೆ ಅದು ಹೈದರಾಬಾದ್ ಸಂಸ್ಥಾನದ ನಾಣ್ಯ; ಬ್ರಿಟಿಷ್ ಭಾರತದ ರೂಪಾಯಿ ಬೇರೆ.
• ಆಣೆಗಳ ಲೆಕ್ಕವು ಸಾಮಾನ್ಯವಾಗಿ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. 'ನಯಾ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದು.
• ರಾಯಚೂರಿನ ವಿಳಾಸದ ಮುಂದೆ 'ಮೈಸೂರು ರಾಜ್ಯ' ಎಂದಿದ್ದರೆ 1956ರಿಂದ 1973ರ ನಡುವಿನದು.
• ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಅನಂತರದ್ದು.

ರೇಡಿಯೊ ಇಟ್ಟುಕೊಳ್ಳಲು 1980ರ ದಶಕದವರೆಗೆ ಅಂಚೆ ಕಚೇರಿಯಿಂದ ಪರವಾನಗಿ ಪಡೆಯಬೇಕಾಗಿತ್ತು. ಆ ಪುಸ್ತಕದಲ್ಲಿ ಅಂಟಿಸಿದ ಚೀಟಿಗಳ ಮೇಲಿನ ಅಂಚೆ ಮುದ್ರೆಗಳು ರೇಡಿಯೊ ಯಾವ ವರ್ಷಗಳಲ್ಲಿ ಆ ಮನೆಯಲ್ಲಿತ್ತೆಂಬುದನ್ನು ತೋರಿಸುತ್ತವೆ. ಯಂತ್ರವನ್ನು ಗುಜರಿಗೆ ಹಾಕುವಾಗ ಮೊದಲು ನಾಶವಾಗುವುದು ಇಂತಹ ಕಾಗದಗಳೇ. ಅವು ಹೋದರೆ ಯಂತ್ರ ಉಳಿದರೂ ಅದು ಯಾರ ಮನೆಯದು, ಯಾವಾಗ ಊರಿಗೆ ಬಂದಿತು ಎಂಬ ಚರಿತ್ರೆ ಉಳಿಯದು.

ದೊರೆಯುವ ಸ್ಥಳಗಳು

ಗ್ರಾಮಗಳಲ್ಲಿ ಇವು ಸಾಮಾನ್ಯವಾಗಿ ಹಳೆಯ ಗೌಡಕಿ, ಕುಲಕರ್ಣಿ ಮನೆತನಗಳ ಅಟ್ಟಗಳಲ್ಲಿ, ವರ್ತಕರ ಮನೆಗಳಲ್ಲಿ ಇರುತ್ತವೆ. ಮದುವೆ, ಜಾತ್ರೆ, ನಾಟಕಗಳಿಗೆ ಧ್ವನಿವರ್ಧಕವನ್ನು ಬಾಡಿಗೆಗೆ ಕೊಡುತ್ತಿದ್ದ ಮೈಕ್ ಸೆಟ್ ಅಂಗಡಿಗಳೂ ಮುಖ್ಯ ಆಕರಗಳು. ಅಹುಜಾ ಸಂಸ್ಥೆಯ ವರ್ಧಕಗಳ ಜೊತೆಯಲ್ಲಿ ರೆಕಾರ್ಡ್ ಪ್ಲೇಯರ್ ಹಾಗೂ ನಾಟಕದ ಹಾಡುಗಳ ತಟ್ಟೆಗಳು ಅಲ್ಲಿ ಸಿಗುವುದುಂಟು. ನಗರಗಳಲ್ಲಿ ಬೆಂಗಳೂರಿನ ಚಿಕ್ಕಪೇಟೆ ಬಳಿಯ ಸಂಡೆ ಬಜಾರ್, ಹೈದರಾಬಾದಿನ ಜುಮ್ಮೇರಾತ್ ಬಜಾರ್, ಮುಂಬಯಿಯ ಚೋರ್ ಬಜಾರ್ ಪ್ರಸಿದ್ಧವಾಗಿವೆ.

ನಕಲಿ ಯಂತ್ರಗಳು

ಥಳಥಳಿಸುವ ಹಿತ್ತಾಳೆಯ ಕಹಳೆ, ಅಷ್ಟಕೋನದ ಪೆಟ್ಟಿಗೆ ಮತ್ತು ನಾಯಿಯ ಚಿತ್ರವುಳ್ಳ ಹೊಸ ಬಿಲ್ಲೆ ಇರುವ 'ಪುರಾತನ' ಗ್ರಾಮಫೋನುಗಳಲ್ಲಿ ಬಹುಪಾಲು ಈಚೆಗೆ ಜೋಡಿಸಿದವು. ಇವುಗಳಲ್ಲಿ ಹಳೆಯ ಪೋರ್ಟಬಲ್ ಯಂತ್ರದಿಂದ ಕಿತ್ತ ಮೋಟಾರನ್ನು ಅಳವಡಿಸಿರುತ್ತಾರೆ. ಹೀಗೆ ಒಂದು ನಕಲಿಗಾಗಿ ಒಂದು ಅಸಲಿ ಯಂತ್ರ ಹಾಳಾಗುತ್ತದೆ. ತಿರುಪಿನ ತಲೆಯನ್ನು ನೋಡುವುದು ಸುಲಭ ಪರೀಕ್ಷೆ. ಕೂಡುಗೆರೆಯ ಫಿಲಿಪ್ಸ್ ತಿರುಪುಗಳು 1930ರ ದಶಕದ ಮಧ್ಯದಲ್ಲಿ ಬಂದವು. 1910ರದೆಂದು ಹೇಳುವ ಪೆಟ್ಟಿಗೆಯಲ್ಲಿ ಅವು ಮೂಲವಾಗಿರಲು ಸಾಧ್ಯವಿಲ್ಲ. ಅಸಲಿ ಯಂತ್ರದಲ್ಲಿ ಮರ ಸವೆಯುವುದು ಕೈ ತಾಗುವ ಕಡೆಗಳಲ್ಲಿ. ನಕಲಿಯಲ್ಲಿ ಸವಕಳಿ ಎಲ್ಲೆಡೆ ಒಂದೇ ಸಮನಾಗಿರುತ್ತದೆ.

ಸ್ಥಿತಿಯ ಪರೀಕ್ಷೆ ಮತ್ತು ಸಂರಕ್ಷಣೆ

ರಾಯಚೂರು ಜಿಲ್ಲೆಯ ಒಣಹವೆಯಿಂದ ಬೂಷ್ಟು ಮತ್ತು ತುಕ್ಕು ಕಡಿಮೆ. ಆದರೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗಿಟ್ಟ ತಟ್ಟೆಗಳು ಬಾಗುತ್ತವೆ, ರಬ್ಬರ್ ಗಡಸಾಗುತ್ತದೆ, ಕೀಲೆಣ್ಣೆ ಗಟ್ಟಿಯಾಗುತ್ತದೆ. ಹಳೆಯ ಕ್ರಿಸ್ಟಲ್ ಕಾರ್ಟ್ರಿಜ್‌ಗಳು ಬಿಸಿಲು ಮತ್ತು ತೇವ ಎರಡಕ್ಕೂ ಕೆಡುತ್ತವೆ.

ಕೀಲಿಯ ಯಂತ್ರವನ್ನು ಕೊಳ್ಳುವ ಮುನ್ನ ಕೀಲಿ ಕೊಟ್ಟು ನೋಡಬೇಕು. ಬಿಗಿ ಬಾರದೆ ಕೀಲಿ ಸುಮ್ಮನೆ ತಿರುಗುತ್ತಿದ್ದರೆ ಸ್ಪ್ರಿಂಗ್ ತುಂಡಾಗಿರುವ ಸಂಭವವಿದೆ. ತಟ್ಟೆಯ ಅಂಚಿನಲ್ಲಿ ಕಾಗದದ ಚೂರಿಟ್ಟು ಒಂದು ನಿಮಿಷದಲ್ಲಿ ಎಷ್ಟು ಸುತ್ತು ತಿರುಗುವುದೆಂದು ಎಣಿಸಿದರೆ ವೇಗ ತಿಳಿಯುತ್ತದೆ. ಉಕ್ಕಿನ ಮುಳ್ಳನ್ನು ತಟ್ಟೆಯ ಪ್ರತಿ ಬದಿಗೂ ಬದಲಾಯಿಸುವುದು ವಾಡಿಕೆ. ದೀರ್ಘವಾದನ ತಟ್ಟೆಯನ್ನು ಕೀಲಿಯ ಗ್ರಾಮಫೋನಿನಲ್ಲಿ ಎಂದಿಗೂ ನುಡಿಸಬಾರದು. ಅದರ ಸೌಂಡ್ ಬಾಕ್ಸಿನ ಭಾರ 100 ಗ್ರಾಂಗೂ ಮಿಕ್ಕಿದ್ದು, ಕೆಲವೇ ಗ್ರಾಂ ಭಾರವನ್ನು ತಾಳುವ ಸೂಕ್ಷ್ಮ ಗೆರೆಗಳು ಒಂದೇ ಬಾರಿಗೆ ಹಾಳಾಗುತ್ತವೆ. ಅರಗು ಸ್ಪಿರಿಟ್‌ನಲ್ಲಿ ಕರಗುವುದರಿಂದ 78 ಸುತ್ತಿನ ತಟ್ಟೆಗಳನ್ನು ಸ್ಪಿರಿಟ್‌ನಿಂದ ಒರೆಸಬಾರದು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕಗಳಂತೆ ನೇರವಾಗಿ ನಿಲ್ಲಿಸಿಡಬೇಕು.

ಬಹುಕಾಲ ಬಳಸದ ವಾಲ್ವ್ ರೇಡಿಯೊವನ್ನು ತಂದ ಕೂಡಲೆ ವಿದ್ಯುತ್ತಿಗೆ ಜೋಡಿಸುವುದು ಅಪಾಯಕರ. ಒಳಗಿನ ಕೆಪಾಸಿಟರ್‌ಗಳು ಸೋರಿ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಕೆಲವು ಮಾದರಿಗಳಲ್ಲಿ ಲೋಹದ ಚೌಕಟ್ಟಿಗೇ ನೇರವಾಗಿ ವಿದ್ಯುತ್ ಸಂಪರ್ಕವಿರುತ್ತದೆ. ಬಲ್ಲ ರಿಪೇರಿಗಾರರಿಂದ ಪರೀಕ್ಷೆ ಮಾಡಿಸಿದ ಮೇಲೆಯೇ ಚಾಲನೆ ಕೊಡತಕ್ಕದ್ದು.

ಮಹತ್ವ

ಗುಜರಿಯವರಿಗೆ ಇಂತಹ ಯಂತ್ರವು ತಾಮ್ರ ಮತ್ತು ಕಬ್ಬಿಣದ ತೂಕ ಮಾತ್ರ. ಅರಗಿನ ತಟ್ಟೆಗೆ ಆ ಬೆಲೆಯೂ ಇಲ್ಲ. ಆದರೆ ನಾಟಕ ಕಂಪನಿಗಳ ನಟರು, ವಚನ ಮತ್ತು ದಾಸರ ಪದಗಳನ್ನು ಹಾಡಿದವರು, ಹೆಸರೇ ಮರೆತುಹೋದ ಹಲವು ಗಾಯಕಿಯರ ದನಿ ಉಳಿದಿರುವುದು ಅಂತಹ ತಟ್ಟೆಗಳಲ್ಲಿಯೇ. ಒಡೆದ ತಟ್ಟೆಯ ಇನ್ನೊಂದು ಪ್ರತಿ ಎಲ್ಲಿಯಾದರೂ ಇದೆಯೆಂಬ ಭರವಸೆಯಿಲ್ಲ. ಆದ್ದರಿಂದ ಯಂತ್ರವನ್ನು ಮಾರುವ ಅಥವಾ ಕೊಡುವ ಮುನ್ನ ಅದರ ಮಾದರಿ, ಕ್ರಮಸಂಖ್ಯೆ, ತಟ್ಟೆಗಳ ಮೇಲಿನ ಹೆಸರು ಮತ್ತು ಸಂಖ್ಯೆ, ಅದನ್ನು ಕೊಂಡವರ ಊರು ಇವಿಷ್ಟನ್ನಾದರೂ ಬರೆದು ಯಂತ್ರದ ಜೊತೆಗೇ ಇಡುವುದು ಉಚಿತ.