ಗಿಡದಿಂದ ಲೋಟಕ್ಕೆ ನಮ್ಮ ಕಾಫಿ

ಕೊಲ್ಲಿ ನಾಡಿಗೆ ಬಂದ ಮೊದಲ ವಾರದಲ್ಲೇ ನಮಗೆಲ್ಲ ತಿಳಿದುಹೋಗುತ್ತದೆ, ಇಲ್ಲಿಯ ಕಾಫಿ ಬೇರೆ, ನಮ್ಮ ಕಾಫಿ ಬೇರೆ ಎಂದು. ಅರಬ್ಬರ ಗಹ್ವಾ ಹೊಂಬಣ್ಣದ್ದು. ಹಗುರವಾಗಿ ಹುರಿದ ಬೀಜ, ಏಲಕ್ಕಿ, ಕೆಲವೊಮ್ಮೆ ಕೇಸರಿ. ಹಾಲಿಲ್ಲ, ಸಕ್ಕರೆಯಿಲ್ಲ, ಪಕ್ಕದಲ್ಲಿ ಖರ್ಜೂರ. ಪುಟ್ಟ ಫಿಂಜಾನಿನಲ್ಲಿ ಕಾಲುಭಾಗ ಮಾತ್ರ ಹಾಕುತ್ತಾರೆ. ಸಾಕು ಎನ್ನಬೇಕಾದರೆ ಬಟ್ಟಲನ್ನು ಅಲುಗಾಡಿಸಿ ಕೊಡಬೇಕು. ಈ ಸತ್ಕಾರ 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ನಮಗೋ, ಸ್ಟೀಲ್ ಫಿಲ್ಟರಿನಲ್ಲಿ ಇಳಿದ ದಪ್ಪ ಡಿಕಾಕ್ಷನ್, ಕಾಯಿಸಿದ ಹಾಲು, ನೊರೆ ಬೇಕು.

ಎರಡರ ಬೇರೂ ಒಂದೇ ಕಡೆ ಇದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಹಜ್ ಯಾತ್ರೆ ಮುಗಿಸಿ ಬರುವಾಗ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ಚಿಕ್ಕಮಗಳೂರಿನ ಕಡೆ ಎಲ್ಲರಿಗೂ ಗೊತ್ತು. ಯೆಮೆನ್‌ನ ಮೋಖಾ ಬಂದರು ಆಗ ಕಾಫಿಗೆ ಹೆಸರುವಾಸಿ. ಆ ದಿಕ್ಕಿನಿಂದ ಬಂದ ಬೀಜ ನಮ್ಮ ಘಟ್ಟಕ್ಕೆ ಹೋಯಿತು, ಘಟ್ಟದಿಂದ ನಾವು ಈ ದಿಕ್ಕಿಗೆ ದುಡಿಯಲು ಬಂದೆವು.

ಕಾಫಿಯ ವರ್ಷ ಶುರುವಾಗುವುದು ಫೆಬ್ರವರಿ-ಮಾರ್ಚಿನ ಹೂಮಳೆಯಿಂದ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ಪರಿಮಳ. ಆ ಮಳೆ ಕೈಕೊಟ್ಟರೆ ಕೆರೆಯ ನೀರಿನಲ್ಲಿ ಸ್ಪ್ರಿಂಕ್ಲರ್ ಹಾಯಿಸಬೇಕು, ಡೀಸೆಲ್ ಖರ್ಚು ಬೇರೆ. ಹೂ ಅರಳಿದ ದಿನವೇ ಜೋರು ಮಳೆ ಬಂದರೆ ಕಾಯಿ ಕಚ್ಚುವುದು ಕಡಿಮೆ. ಆಮೇಲೆ ಮರಗಸಿ, ಗೊಬ್ಬರ, ಚಿಗುರು ತೆಗೆಯುವುದು. ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಮತ್ತು ಎಲೆ ತುಕ್ಕು, ಎರಡು ಜಾತಿಗೂ ಕಾಯಿಕೊರಕ. ತುಕ್ಕು ರೋಗದ ಕಾಟಕ್ಕೆ ಉತ್ತರ ಹುಡುಕಲೆಂದೇ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಇಂದಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಲ್ಲಿಂದ ಬಂದ ಎಸ್. 795 ತಳಿಯನ್ನು ನಮ್ಮ ಕಡೆ ಇಂದಿಗೂ ಬಿಟ್ಟಿಲ್ಲ.

ಅರೇಬಿಕಾ ನವೆಂಬರಿನಿಂದ ಹಣ್ಣಾಗುತ್ತದೆ, ರೋಬಸ್ಟಾ ಅದರ ಬೆನ್ನಿಗೆ. ಗಿಡದಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಕೆಂಪಾಗುವುದಿಲ್ಲ. ಅರೇಬಿಕಾವನ್ನು ಆರಿಸಿ ಆರಿಸಿ ಮೂರು ನಾಲ್ಕು ಸುತ್ತು ಕುಯ್ಯಬೇಕು. ಕುಯ್ದದ್ದನ್ನು ಅಂದೇ ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೇ ಕಣದಲ್ಲಿ ಹರಗಿ ಒಣಗಿಸಿದರೆ ಚೆರಿ. ಸಣ್ಣ ಬೆಳೆಗಾರರಿಗೆ ಪಲ್ಪರ್, ನೀರು, ತೊಟ್ಟಿ ಎಲ್ಲಿಂದ ಬರಬೇಕು? ಹೆಚ್ಚಿನವರು ಚೆರಿಯನ್ನೇ ಮಾಡುತ್ತಾರೆ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕೂ ಹೆಚ್ಚು 10 ಹೆಕ್ಟೇರಿಗಿಂತ ಚಿಕ್ಕವು. ಪುಸ್ತಕದ ಚಿತ್ರದಲ್ಲಿ ಕಾಣುವ ಎಸ್ಟೇಟ್ ಬಂಗಲೆ ಎಲ್ಲರದ್ದಲ್ಲ.

ನಮ್ಮ ಮನೆಯದೂ ಮೂರು ಎಕರೆ. ಅಣ್ಣ ನೋಡಿಕೊಳ್ಳುತ್ತಾರೆ. ಜನವರಿಯಲ್ಲಿ ಫೋನ್ ಮಾಡಿದರೆ ಕುಶಲ ಕೇಳುವ ಮೊದಲೇ ಬರುವ ಮಾತು, "ಮೋಡ ಕಟ್ಟಿದೆ ಮಾರಾಯ, ಕಣದ ತುಂಬ ಹರಗಿದ್ದೇವೆ." ಅಕಾಲದ ಮಳೆ ಬಂದರೆ ಚೆರಿ ಬೂಷ್ಟು ಹಿಡಿಯುತ್ತದೆ, ಗಿಡದಲ್ಲಿದ್ದ ಹಣ್ಣು ಒಡೆದು ಉದುರುತ್ತದೆ, ಮುಂದಿನ ವರ್ಷದ ಮೊಗ್ಗೂ ಅಕಾಲಕ್ಕೆ ಅರಳಿಬಿಡುತ್ತದೆ. ಒಂದು ಮಳೆಗೆ ಎರಡು ವರ್ಷದ ಬೆಳೆ ಹೋಗಬಹುದು. ಕುಯ್ಯಲು ಜನವಿಲ್ಲ ಎಂಬುದು ಇನ್ನೊಂದು. ನಮ್ಮಂಥ ಮನೆಗಳ ಹುಡುಗರು ಬೆಂಗಳೂರು, ದುಬೈ, ದೋಹಾ, ಮಸ್ಕತ್ ಸೇರಿದ ಮೇಲೆ ಕೊಡಗು, ಚಿಕ್ಕಮಗಳೂರಿನ ಲೈನ್ ಮನೆಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯವರು ಬಂದಿದ್ದಾರೆ. ಅವರೂ ತಿಂಗಳಿಗೊಮ್ಮೆ ಊರಿಗೆ ದುಡ್ಡು ಕಳಿಸುವವರೇ. ನಾವು ಇಲ್ಲಿಂದ ಕಳಿಸಿದ ಹಣದಲ್ಲಿ ಅವರ ಬಟವಾಡೆ ಆಗುವ ವರ್ಷಗಳೂ ಉಂಟು.

ಮಾರುವಾಗ ಲೆಕ್ಕ 50 ಕೆ.ಜಿ. ಚೀಲಕ್ಕೆ. ಆ ಚೀಲದಲ್ಲಿ ಸಿಪ್ಪೆ ಹೋಗಿ ಎಷ್ಟು ಕೆ.ಜಿ. ಬೇಳೆ ಸಿಗುತ್ತದೆ ಎಂಬುದೇ ಓಟಿ. ಅಂಗಡಿಯವರು ಒಂದು ಹಿಡಿ ಚೆರಿ ಒಡೆದು ತೂಗಿ ಹೇಳಿಬಿಡುತ್ತಾರೆ. ಐದಾರು ಕೆ.ಜಿ. ಹಣ್ಣಿಗೆ ಕೊನೆಗೆ ಉಳಿಯುವುದು ಸುಮಾರು ಒಂದು ಕೆ.ಜಿ. ಬೇಳೆ. ದರವಂತೂ ಊರಿನಲ್ಲಿ ಹುಟ್ಟುವುದಿಲ್ಲ. ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್.

ಇಲ್ಲಿ ಟೆಕ್ಸಾಸ್ ಬರುತ್ತದೆ. ನಮ್ಮ ಬಂಧುಬಳಗದ ಅರ್ಧ ಈಗ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿದೆ, ಊರಿಗೆ ಬಂದು ಹೊರಟವರ ಸೂಟ್‌ಕೇಸಿನಲ್ಲಿ ಕಾಫಿಪುಡಿಯೇ ಹೆಚ್ಚು ತೂಕ. ಕಾಫಿ ತೋಟವಿಲ್ಲದ ಆ ನಾಡಿನ ಹ್ಯೂಸ್ಟನ್ ಬಂದರು ನ್ಯೂಯಾರ್ಕಿನ ವಾಯಿದೆ ಮಾರುಕಟ್ಟೆ ಮಾನ್ಯ ಮಾಡಿರುವ ಕಾಫಿ ಬಂದರುಗಳಲ್ಲೊಂದು. ಅಂಥ ಬಂದರುಗಳ ಗೋದಾಮಿನಲ್ಲಿ ಚೀಲ ಎಷ್ಟಿದೆ ಎಂಬ ಲೆಕ್ಕ ನೋಡಿ ಮಾರುಕಟ್ಟೆ ಏರಿಳಿಯುತ್ತದೆ, ಮೂಡಿಗೆರೆಯ ಅಂಗಡಿಯ ಬೋರ್ಡಿನ ದರವೂ ಬದಲಾಗುತ್ತದೆ. ಒಂದು ಕಾಲಕ್ಕೆ ಫೋರ್ಡ್ ಕಾರು ಜೋಡಿಸುತ್ತಿದ್ದ ಹ್ಯೂಸ್ಟನ್ನಿನ ಕಟ್ಟಡದಲ್ಲಿ ಮ್ಯಾಕ್ಸ್‌ವೆಲ್ ಹೌಸ್ ದಶಕಗಳ ಕಾಲ ಕಾಫಿ ಹುರಿಯಿತು. ಜಗತ್ತಿನ ಕಾಫಿ ತಳಿಗಳ ಮೇಲೆ ಕೆಲಸ ಮಾಡುವ ವರ್ಲ್ಡ್ ಕಾಫಿ ರಿಸರ್ಚ್ ಸಂಸ್ಥೆ 2012ರಲ್ಲಿ ಶುರುವಾದದ್ದೂ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಆಸರೆಯಲ್ಲಿ. ನಮ್ಮ ಭಾಗದ ದುಬೈಯೂ ಹಿಂದೆ ಬಿದ್ದಿಲ್ಲ, 2019ರಲ್ಲಿ ಜೆಬೆಲ್ ಅಲಿಯಲ್ಲಿ ಕಾಫಿಗೆಂದೇ ದೊಡ್ಡ ಕೇಂದ್ರ ತೆರೆದಿದೆ. ಭಾರತದ ಕಾಫಿಯ ಹೆಚ್ಚಿನ ಪಾಲು ಹೊರದೇಶಕ್ಕೇ ಹೋಗುತ್ತದೆ, ಇಟಲಿ ದೊಡ್ಡ ಗಿರಾಕಿ.

ಕ್ಯೂರಿಂಗ್ ವರ್ಕ್ಸಿನಲ್ಲಿ ಸಿಪ್ಪೆ ತೆಗೆದು ಗಾತ್ರದಂತೆ ವಿಂಗಡಿಸಿದ ಬೇಳೆ ಹಸಿರು ಬಣ್ಣದ್ದು, ಕಾಫಿಯ ವಾಸನೆಯೇ ಇರುವುದಿಲ್ಲ. ಹುರಿದಾಗ ಚಟಪಟ ಸಿಡಿದು, ತೂಕದಲ್ಲಿ ಆರನೇ ಒಂದು ಪಾಲಿನಷ್ಟು ಕಳೆದುಕೊಂಡು ಕಂದಾಗುತ್ತದೆ. ಚಿಕೋರಿ ಬೆರೆಸುವುದು ಆಮೇಲೆ. ನಮ್ಮ ಕಾನೂನಿನಂತೆ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಬರೆಯಲೇಬೇಕು. ಇಲ್ಲಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂಬದಿ ಓದಿ. ಅರ್ಧಕ್ಕರ್ಧ ಚಿಕೋರಿಗೆ ಕಾಫಿಯ ಬೆಲೆ ಕೊಡುವುದು ನಮಗಂತೂ ಒಪ್ಪಿಗೆಯಿಲ್ಲ.

ಆಸ್ಪತ್ರೆಯ ಫಾರ್ಮಸಿ ಕಿಟಕಿಯ ಹಿಂದೆ ನಿಲ್ಲುವವರು ನಾವು, ಲೋಟದ ವಿಷಯಕ್ಕೆ ಬಂದಾಗ ಸುಮ್ಮನಿರಲಾರೆವು. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆ ನುಂಗಬೇಡಿ, ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬರಿ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕಬ್ಬಿಣದ ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆ ಅಂತರವಿರಲಿ. ಸಿಪ್ರೊಫ್ಲಾಕ್ಸಾಸಿನ್ ತೆಗೆದುಕೊಳ್ಳುತ್ತಿದ್ದರೆ ಕೆಫೀನ್ ಮೈಯಿಂದ ಬೇಗ ಹೋಗುವುದಿಲ್ಲ, ಎದೆ ಡವಗುಟ್ಟಿದರೆ ಕಾಫಿ ಕಡಿಮೆ ಮಾಡಿ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಕೆಫೀನ್ ಇದೆ. ಕುಡಿದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ 8ಕ್ಕೆ ಮಲಗುವವರು ಕೊನೆಯ ಲೋಟವನ್ನು 2 ಗಂಟೆಯೊಳಗೆ ಮುಗಿಸಿಬಿಡಿ.